ಚಿಪ್ಪಿನೊಳಗಿನ ಮರಿಗೆ ಕೈ ಹಚ್ಚುವುದು ಯಾವಾಗ?

ಕಾವಿಗಿಟ್ಟ ಕೋಳಿಮೊಟ್ಟೆಯಿಂದ ಮರಿ ಹೊರಬರಲು ಸುಮಾರು 21 ದಿನ ಬೇಕು. ಮೊದಲ 18 ದಿನ ಸಾಕುವವರಿಗೆ ಕೈತುಂಬ ಕೆಲಸ: ಮೊಟ್ಟೆ ಹೊರಳಿಸಬೇಕು, ಬಿಸಿ ನೋಡಬೇಕು, ನೀರು ಇಡಬೇಕು. ಕೊನೆಯ 3 ದಿನ ಕಾಯುವುದೊಂದೇ ಕೆಲಸ. ಅವಸರ ಶುರುವಾಗುವುದೂ ಆಗಲೇ. ಚಿಪ್ಪಿಗೆ ತೂತು ಬಿದ್ದಿದೆ, ಒಳಗಿನಿಂದ ಚಿಂವ್‌ಗುಡುತ್ತಿದೆ, ಹತ್ತು ಗಂಟೆ ಕಳೆದರೂ ಮರಿ ಹೊರಗೆ ಬಂದಿಲ್ಲ. ಪಾಪ, ಸಿಕ್ಕಿಹಾಕಿಕೊಂಡಿದೆ ಎಂದು ಯಾರೋ ಉಗುರಿನಿಂದ ಚಿಪ್ಪು ಬಿಡಿಸುತ್ತಾರೆ. ರಕ್ತ ಜಿನುಗುತ್ತದೆ, ಸಂಜೆಯೊಳಗೆ ಮರಿ ಸಾಯುತ್ತದೆ. ನೆರವು ನೀಡಲು ಹೋಗಿ ಕೈಕೊಟ್ಟಂತಾಗುತ್ತದೆ. ಹಾಗೆಂದು ಎಂದೂ ಮುಟ್ಟಲೇಬಾರದು ಎಂಬುದೂ ಸರಿಯಲ್ಲ. ಸ್ವಲ್ಪ ನೆರವು ಸಿಕ್ಕರೆ ಬದುಕುವ ಮರಿಗಳೂ ಇವೆ. ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮತ್ತಿಘಟ್ಟದಂಥ ಊರಿನಲ್ಲಿ ಮರಿ ಮಾಡಿಸುವುದು

ಮತ್ತಿಘಟ್ಟ ಶಿರಸಿ ತಾಲ್ಲೂಕಿನಲ್ಲಿ ಘಟ್ಟದ ಅಂಚಿಗಿರುವ ಊರು. ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಕಾಡು, ನಡುವೆ ದೂರ ದೂರದ ಮನೆಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಇಂಥ ಊರುಗಳಲ್ಲಿ ಕೋಳಿ ಸಾಕುವ ಮನೆಗಳಲ್ಲಿ ಮರಿ ಮಾಡಿಸುವ ಹಳೆಯ ದಾರಿ ಕಾವು ಕೂತ ಹೇಂಟೆಯೇ. ಬುಟ್ಟಿಗೆ ಒಣಹುಲ್ಲು ಹಾಸಿ ಅದರ ಹೊಟ್ಟೆಯಡಿ ಹತ್ತು ಹನ್ನೆರಡು ಮೊಟ್ಟೆ ಇಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾದಂಥ ಸುಧಾರಿತ ತಳಿಗಳ ಹೇಂಟೆಗಳು ಕಾವು ಕೂರುವುದು ಅಪರೂಪ. ಅವುಗಳ ಮೊಟ್ಟೆಗೆ ನಾಟಿ ಹೇಂಟೆಯನ್ನು ಹುಡುಕಬೇಕು, ಇಲ್ಲವೇ ಇನ್‌ಕ್ಯುಬೇಟರ್ ಬೇಕು. ಹೀಗಾಗಿ ಮೂವತ್ತು ಐವತ್ತು ಮೊಟ್ಟೆಯ ಸಣ್ಣ ಯಂತ್ರಗಳೂ, ಥರ್ಮಾಕೋಲ್ ಪೆಟ್ಟಿಗೆಗೆ ಬಲ್ಬು ಮತ್ತು ಥರ್ಮೋಸ್ಟಾಟ್ ಕೂಡಿಸಿ ಮನೆಯಲ್ಲೇ ಮಾಡಿಕೊಂಡ ಪೆಟ್ಟಿಗೆಗಳೂ ಹಳ್ಳಿಗೆ ಬಂದಿವೆ. ಹೇಂಟೆಯಡಿಯ ಮೊಟ್ಟೆ ಕಣ್ಣಿಗೆ ಬೀಳುವುದಿಲ್ಲ. ಯಂತ್ರದ ಗಾಜಿನೊಳಗಿನದು ಇಡೀ ದಿನ ಕಾಣುತ್ತದೆ. ಕಂಡಷ್ಟೂ ಕೈ ತುರಿಸುತ್ತದೆ.

ಕೊನೆಯ 3 ದಿನ ಒಳಗೆ ಏನಾಗುತ್ತದೆ

18ನೇ ದಿನಕ್ಕೆ ಮರಿ ಮೊಟ್ಟೆಯ ತುಂಬ ಬೆಳೆದಿರುತ್ತದೆ. ಅಗಲ ತುದಿಯಲ್ಲಿರುವ ಗಾಳಿಕೋಶವೊಂದೇ ಖಾಲಿ ಜಾಗ. ಅಲ್ಲಿಯವರೆಗೆ ಮರಿ ಶ್ವಾಸಕೋಶದಿಂದ ಉಸಿರಾಡಿರುವುದಿಲ್ಲ. ಚಿಪ್ಪಿನ ಒಳಮೈಗೆ ಒತ್ತಿಕೊಂಡ ರಕ್ತನಾಳಗಳ ಪೊರೆಯೇ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಿರುತ್ತದೆ. ಮರಿ ದೊಡ್ಡದಾದಂತೆ ಈ ದಾರಿ ಸಾಲದಾಗುತ್ತದೆ. ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಕತ್ತಿನ ಹಿಂಬದಿಯ ಸ್ನಾಯು ಜಗ್ಗತೊಡಗುತ್ತದೆ, ಕೊಕ್ಕು ಒಳಪೊರೆಯನ್ನು ಹರಿದು ಗಾಳಿಕೋಶಕ್ಕೆ ತೂರುತ್ತದೆ. ಇದು ನಡೆಯುವುದು ಸಾಮಾನ್ಯವಾಗಿ 19 ಅಥವಾ 20ನೇ ದಿನ. ಮರಿಯ ಮೊದಲ ಉಸಿರು ಇದು. ಚಿಪ್ಪು ಹೊರಗೆ ಇಡಿಯಾಗಿದ್ದರೂ ಕಿವಿಗೆ ಹಿಡಿದರೆ ಸದ್ದು ಕೇಳುತ್ತದೆ.

ಗಾಳಿಕೋಶದ ಗಾಳಿ ಕೆಲವು ಗಂಟೆಗಳಿಗಷ್ಟೇ ಸಾಕು. ಮರಿಯ ಮೇಲ್ಕೊಕ್ಕಿನ ತುದಿಯಲ್ಲಿ ಬಿಳಿಯ ಗಟ್ಟಿ ಮೊನೆಯೊಂದಿರುತ್ತದೆ. ಹುಟ್ಟಿದ ಕೆಲವು ದಿನಕ್ಕೆ ಉದುರಿಹೋಗುವ ಅದೇ ಮೊನೆಯಿಂದ ಮರಿ ಚಿಪ್ಪನ್ನು ಕುಕ್ಕುತ್ತದೆ. ನಕ್ಷತ್ರದಂಥ ಸಣ್ಣ ಬಿರುಕು ಮೂಡುತ್ತದೆ. ಆಮೇಲೆ ಮರಿ ಸುಮ್ಮನಾಗುತ್ತದೆ. 12 ಗಂಟೆ, ಕೆಲವೊಮ್ಮೆ 24 ಗಂಟೆ ಹೊರಗೆ ಏನೂ ನಡೆಯದಂತೆ ಕಾಣುತ್ತದೆ.

ಸೋತಂತೆ ಕಾಣುವ ಈ ಬಿಡುವಿನಲ್ಲಿ ಎರಡು ದೊಡ್ಡ ಕೆಲಸ ಮುಗಿಯಬೇಕು. ಪೊರೆಯ ನಾಳಗಳಲ್ಲಿರುವ ರಕ್ತ ಮರಿಯ ಮೈಗೆ ಹಿಂದಿರುಗಬೇಕು. ಉಳಿದ ಭಂಡಾರ, ಅಂದರೆ ಹಳದಿ ಭಾಗ, ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಿ ಹೊಕ್ಕುಳು ಮುಚ್ಚಬೇಕು. ಇವೆರಡೂ ಮುಗಿದ ಮೇಲೆ ಮರಿ ನಿಧಾನವಾಗಿ ತಿರುಗುತ್ತ, ಅಗಲ ತುದಿಯ ಸುತ್ತ ಚಿಪ್ಪನ್ನು ಮುಚ್ಚಳದಂತೆ ಕೊರೆದು ಕಾಲಿನಿಂದ ಒದ್ದು ಹೊರಬೀಳುತ್ತದೆ. ಕೊರೆಯುವುದು ಶುರುವಾದರೆ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ಮುಗಿಯುತ್ತದೆ. ಮೊದಲ ಕುಕ್ಕಿಗೂ ಕೊರೆತಕ್ಕೂ ನಡುವಿನ ಈ ಮೌನವನ್ನು ಕಷ್ಟವೆಂದು ತಿಳಿಯುವುದೇ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಘಟ್ಟದ ಹವೆ, ಪೆಟ್ಟಿಗೆಯ ಹವೆ

ಮರಿ ಸಿಕ್ಕಿಕೊಳ್ಳುವ ಕಾರಣ ಬಹುಮಟ್ಟಿಗೆ ಮೊದಲ 18 ದಿನಗಳಲ್ಲೇ ಇರುತ್ತದೆ. ಫ್ಯಾನ್ ಇರುವ ಯಂತ್ರದಲ್ಲಿ ಬಿಸಿ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಮೇಲೊಂದು ಕೆಳಗೊಂದು ಬಿಸಿ ಇರುವುದರಿಂದ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಅಳೆದು ಸುಮಾರು 38.5 ಇಡುತ್ತಾರೆ. ತೇವಾಂಶ ಮೊದಲ 18 ದಿನ ಶೇ 50ರಿಂದ 55, ಕೊನೆಯ 3 ದಿನ ಶೇ 65ರಿಂದ 75.

ಮಲೆನಾಡಿನಲ್ಲಿ ಎಡವುವುದು ಈ ತೇವಾಂಶದ ಲೆಕ್ಕದಲ್ಲಿ. ಜುಲೈ ತಿಂಗಳಲ್ಲಿ ಹೊರಗಿನ ಗಾಳಿ 23 ಡಿಗ್ರಿಯಲ್ಲಿ ನೀರಿನಿಂದ ತುಂಬಿ ತುಳುಕುತ್ತಿದೆ ಎಂದುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಬಿಸಿಯಾದಾಗ ಅದರ ಸಾಪೇಕ್ಷ ತೇವಾಂಶ ಶೇ 43ರ ಆಸುಪಾಸಿಗೆ ಇಳಿಯುತ್ತದೆ. ಮೊಟ್ಟೆಗಳಿಂದ ಆರುವ ನೀರೂ ಅದಕ್ಕೆ ಸೇರಿಕೊಳ್ಳುತ್ತದೆ. ಅಂದರೆ ಶೇ 50 ಮುಟ್ಟಿಸಲು ಒಂದು ಸಣ್ಣ ಬಟ್ಟಲು ನೀರು ಸಾಕು. ಯಂತ್ರದ ಜೊತೆ ಬಂದ ಚೀಟಿಯಲ್ಲಿ ಬರೆದಿದೆಯೆಂದು ಎರಡೂ ತಟ್ಟೆ ತುಂಬಿಸಿದರೆ ಅತಿಯಾಗುತ್ತದೆ. ಜನವರಿಯ ಬೆಳಗಿನ 15 ಡಿಗ್ರಿ ಚಳಿಯ ಗಾಳಿ ಶೇ 80 ತೇವವಿದ್ದರೂ ಪೆಟ್ಟಿಗೆಯೊಳಗೆ ಶೇ 21ಕ್ಕೆ ಕುಸಿಯುತ್ತದೆ. ಆಗ ಎರಡು ತಟ್ಟೆಯೂ ಸಾಲದೆ ಹೋಗಬಹುದು. ಒಂದೇ ಯಂತ್ರ, ಒಂದೇ ಊರು. ಕಾಲ ಬದಲಾದರೆ ನೀರಿನ ಲೆಕ್ಕವೂ ಬದಲಾಗಬೇಕು.

ತೇವ ಹೆಚ್ಚಾದರೆ ಮೊಟ್ಟೆಯಿಂದ ಆರಬೇಕಾದ ನೀರು ಆರುವುದಿಲ್ಲ. ಗಾಳಿಕೋಶ ಚಿಕ್ಕದಾಗಿಯೇ ಉಳಿಯುತ್ತದೆ, ಮರಿ ಊದಿಕೊಂಡು ತಿರುಗಲು ಜಾಗ ಸಾಲುವುದಿಲ್ಲ, ಒಳಪೊರೆ ಹರಿದ ಕ್ಷಣ ಮೂಗಿಗೆ ನೀರು ನುಗ್ಗಿ ಮುಳುಗುತ್ತದೆ. ತೇವ ಕಡಿಮೆಯಾದರೆ, ಅಥವಾ ಮರಿ ಕುಕ್ಕಿದ ಹೊತ್ತಿನಲ್ಲಿ ಮುಚ್ಚಳವನ್ನು ಪದೇ ಪದೇ ತೆರೆದರೆ, ಪೊರೆ ಒಣಗಿ ಮರಿಯ ಪುಕ್ಕಕ್ಕೆ ಹಪ್ಪಳದಂತೆ ಅಂಟುತ್ತದೆ. ಮರಿಗೆ ಶಕ್ತಿಯಿದ್ದರೂ ತಿರುಗಲಾಗದು.

ತಕ್ಕಡಿ ಹೇಳುವ ಮಾತು

ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದಿದ್ದರೆ ಇದನ್ನು ಮೊದಲೇ ತಿಳಿಯಬಹುದು. ಕಾವಿಗಿಡುವ ದಿನ 10 ಮೊಟ್ಟೆ ಒಟ್ಟಿಗೆ ತೂಗಿ ಬರೆದಿಡಬೇಕು. 500 ಗ್ರಾಂ ಇತ್ತೆನ್ನಿ. 18ನೇ ದಿನಕ್ಕೆ ಅದು ಶೇ 12ರಷ್ಟು ಇಳಿದು 440 ಗ್ರಾಂ ಆಸುಪಾಸಿಗೆ ಬರಬೇಕು. 9ನೇ ದಿನ ತೂಗಿದಾಗ 470 ಇದ್ದರೆ ದಾರಿ ಸರಿ. 485 ಇದ್ದರೆ ನೀರು ತೆಗೆಯಬೇಕು, 455 ಇದ್ದರೆ ನೀರು ಹೆಚ್ಚಿಸಬೇಕು. ತೂಗುವಾಗ ಗೊಡ್ಡು ಮೊಟ್ಟೆಗಳನ್ನು ಲೆಕ್ಕದಿಂದ ಬಿಡಬೇಕು. 18ನೇ ದಿನ ತೂಕ 465 ಎಂದು ಕಂಡರೆ ಮಳೆಗಾಲದ ಊದಿದ ಮರಿಗೆ, 420 ಎಂದು ಕಂಡರೆ ಒಣಪೊರೆಯ ಮರಿಗೆ ಸಿದ್ಧರಾಗಿರಬೇಕು. ಮುಂದೆ ಕೈ ಹಚ್ಚಬೇಕಾಗಬಹುದೇ ಎಂಬ ಸುಳಿವು ಇಲ್ಲೇ ಸಿಗುತ್ತದೆ.

ಕರೆಂಟು ಹೋದರೆ ದಿನ ಎಣಿಸುವುದು ಹೇಗೆ

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಘಟ್ಟದ ಊರಿಗೆ ಕರೆಂಟು ಮರುದಿನವೂ ಬರದಿರಬಹುದು. ತಣ್ಣಗಾದ ಭ್ರೂಣ ಕೂಡಲೇ ಸಾಯುವುದಿಲ್ಲ, ಬೆಳವಣಿಗೆ ನಿಧಾನವಾಗುತ್ತದೆ. ಪೆಟ್ಟಿಗೆಗೆ ಕಂಬಳಿ ಹೊದಿಸಿ ಬಿಸಿನೀರಿನ ಬಾಟಲಿ ಇಟ್ಟರೆ ಕೆಲವು ಗಂಟೆ ತಡೆದುಕೊಳ್ಳುತ್ತದೆ. ಕೊನೆಯ ದಿನಗಳಲ್ಲಿ ಮಾತ್ರ ಗಾಳಿಯ ಕಿಂಡಿ ಮುಚ್ಚಬಾರದು. ಮರಿಗಳಿಗೆ ಆಗ ಆಮ್ಲಜನಕ ಹೆಚ್ಚು ಬೇಕು. ಬಿಸಿ ಕಡಿಮೆಯಾಗುವುದಕ್ಕಿಂತ 40 ಡಿಗ್ರಿ ದಾಟುವುದು ಹೆಚ್ಚು ಅಪಾಯ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಈಜಿಪ್ಟಿನ ಇಟ್ಟಿಗೆಯ ಕಾವುಗೂಡುಗಳಲ್ಲಿ ಸಾವಿರಾರು ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದವರು ಮೊಟ್ಟೆಯನ್ನು ಕಣ್ಣುರೆಪ್ಪೆಗೆ ತಾಗಿಸಿ ಬಿಸಿ ನೋಡುತ್ತಿದ್ದರು. ಫ್ರಾನ್ಸಿನ ವಿಜ್ಞಾನಿ ರೆಯೋಮ್ಯೂರ್ 1749ರಲ್ಲಿ ಕೃತಕ ಕಾವಿನ ಬಗ್ಗೆ ಪುಸ್ತಕವನ್ನೇ ಬರೆದ. ಇವತ್ತಿನ ಯಂತ್ರಗಳಿಗೂ ಮೂಲ ಪಾಠ ಅದೇ: ಬಿಸಿ ಏರುಪೇರಾದರೆ ದಿನವೂ ಏರುಪೇರು.

ಆದ್ದರಿಂದ ಕ್ಯಾಲೆಂಡರಿನಲ್ಲಿ 21 ಆಯಿತೆಂದು ಚಿಪ್ಪು ಒಡೆಯಬಾರದು. ಎಲ್ಲ ಮೊಟ್ಟೆಗಳೂ ಸುಮ್ಮನಿದ್ದರೆ ಅದು ಬಿಸಿ ಕಡಿಮೆಯಾಗಿ ತಡವಾದದ್ದಿರಬಹುದು; 22, 23ನೇ ದಿನದವರೆಗೂ ಕಾಯಬೇಕು. ಹತ್ತರಲ್ಲಿ ಎಂಟು ಒಡೆದು ಎರಡು ಮಾತ್ರ ಉಳಿದಿದ್ದರೆ ಆ ಎರಡರ ಮೇಲೆ ಕಣ್ಣಿಡಬೇಕು. ಎಣಿಕೆಯೂ ಪಕ್ಷಿಯಿಂದ ಪಕ್ಷಿಗೆ ಬೇರೆ: ಜಪಾನಿ ಗೌಜಲಹಕ್ಕಿಗೆ ಸುಮಾರು 17 ದಿನ, ಬಾತು ಮತ್ತು ಟರ್ಕಿಗೆ 28, ಮಸ್ಕೊವಿ ಬಾತಿಗೆ 35.

ಹೇಂಟೆ ಬಿಟ್ಟೆದ್ದ ಮೊಟ್ಟೆ

ಕಾವು ಕೂತ ಹೇಂಟೆ ಚಿಪ್ಪು ಒಡೆದುಕೊಡುವುದಿಲ್ಲ. ಕೊನೆಯ ದಿನಗಳಲ್ಲಿ ಗೂಡು ಬಿಟ್ಟೇಳದೆ, ಸಣ್ಣ ದನಿಯಲ್ಲಿ ಕೊಕ್ ಕೊಕ್ ಎನ್ನುತ್ತ, ಮೈಯ ಬಿಸಿ ಮತ್ತು ತೇವ ಕೊಡುತ್ತದೆ. ಮೊಟ್ಟೆಗಳೂ ಪರಸ್ಪರ ಮಾತಾಡುತ್ತವೆ. ಗೌಜಲಹಕ್ಕಿಯ ಮೊಟ್ಟೆಗಳ ಮೇಲೆ 1960ರ ದಶಕದಲ್ಲಿ ಮಾರ್ಗರೆಟ್ ವಿನ್ಸ್ ನಡೆಸಿದ ಪ್ರಯೋಗಗಳಲ್ಲಿ, ಒಂದಕ್ಕೊಂದು ತಾಗಿಕೊಂಡಿರುವ ಮೊಟ್ಟೆಗಳ ಮರಿಗಳು ಟಿಕ್ ಟಿಕ್ ಸದ್ದಿನಿಂದ ಹಿಂದೆ ಬಿದ್ದವನ್ನು ಚುರುಕುಗೊಳಿಸಿ ಹೆಚ್ಚುಕಡಿಮೆ ಒಟ್ಟಿಗೆ ಹೊರಬರುವುದು ಕಂಡುಬಂತು. ಯಂತ್ರದಲ್ಲೂ ಕೊನೆಯ ದಿನಗಳಲ್ಲಿ ಮೊಟ್ಟೆಗಳನ್ನು ಚೆದುರಿಸದೆ ಒಟ್ಟಿಗೆ ಮಲಗಿಸಿಡುವುದು ಒಳ್ಳೆಯದು.

ಹಳ್ಳಿಯಲ್ಲಿ ನೆರವು ನಿಜವಾಗಿ ಬೇಕಾಗುವ ಸಂದರ್ಭ ಬೇರೆಯದು. ಹೆಚ್ಚಿನ ಮರಿ ಹೊರಬಂದ ಒಂದೆರಡು ದಿನಕ್ಕೆ ಹೇಂಟೆ ಅವನ್ನು ಕರೆದುಕೊಂಡು ಅಂಗಳಕ್ಕೆ ಇಳಿಯುತ್ತದೆ. ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳಿದ್ದರೆ ಕೆಲವು ಬುಟ್ಟಿಯಲ್ಲೇ ತಣ್ಣಗಾಗುತ್ತವೆ. ಅಂಥ ಮೊಟ್ಟೆ ಕೈಗೆ ಸಿಕ್ಕರೆ ಚಿಪ್ಪು ಮುಟ್ಟುವ ಮೊದಲು ಬಿಸಿ ಕೊಡಬೇಕು. ಪೆಟ್ಟಿಗೆಯಲ್ಲೋ ಇನ್ನೊಂದು ಹೇಂಟೆಯಡಿಯಲ್ಲೋ ನಾಲ್ಕಾರು ಗಂಟೆ ಇಟ್ಟರೆ ಬಹಳಷ್ಟು ಮರಿಗಳು ತಾವೇ ಕೆಲಸ ಮುಂದುವರಿಸುತ್ತವೆ. ಜೀವವಿದೆಯೇ ಎಂದು ಉಗುರುಬೆಚ್ಚಗಿನ ನೀರಿಗೆ ಬಿಟ್ಟು ಅಲುಗಾಟ ನೋಡುವ ರೂಢಿಯಿದೆ. ಬಿರುಕು ಬಿಟ್ಟ ಮೊಟ್ಟೆಯನ್ನು ನೀರಿಗೆ ಬಿಟ್ಟರೆ ಮರಿ ಮುಳುಗಿ ಸಾಯುತ್ತದೆ. ಟಾರ್ಚ್ ಹಿಡಿದು ನೋಡುವುದೇ ಸುರಕ್ಷಿತ.

ಕಾಯುವುದು ಯಾವಾಗ, ಕೈ ಹಚ್ಚುವುದು ಯಾವಾಗ

ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ಕುಕ್ಕಿದ ಹೊತ್ತು ಬರೆದಿಡುವುದು ಮೊದಲ ನಿಯಮ. ರಾತ್ರಿ ಹನ್ನೊಂದಕ್ಕೆ ಕಂಡ ಬಿರುಕು ಬೆಳಿಗ್ಗೆ ಆರಕ್ಕೆ ‘ನಿನ್ನೆಯಿಂದ ಹಾಗೇ ಇದೆ’ ಎನಿಸುತ್ತದೆ. ಗಡಿಯಾರ ನೋಡಿದರೆ ಆದದ್ದು ಏಳೇ ಗಂಟೆ.

ಒಳಪೊರೆ ಹರಿದಿದೆ, ಚಿಪ್ಪು ಕುಕ್ಕಿಲ್ಲ: ಟಾರ್ಚಿನ ಬೆಳಕಿನಲ್ಲಿ ಗಾಳಿಕೋಶದೊಳಗೆ ಕೊಕ್ಕಿನ ನೆರಳು ಆಡುವುದು ಕಾಣುತ್ತದೆ. 24 ಗಂಟೆ ಕಾಯಬೇಕು. ಅದರ ಮೇಲೂ ಚಿಪ್ಪು ಇಡಿಯಾಗಿಯೇ ಇದ್ದು ಮರಿಯ ಸದ್ದು ಕುಗ್ಗುತ್ತಿದ್ದರೆ, ಅಗಲ ತುದಿಯ ನಡುವೆ, ಗಾಳಿಕೋಶದ ಮೇಲೆ ಸೂಜಿಮೊನೆಯಿಂದ 2 ಮಿಲಿಮೀಟರಿನ ತೂತು ಮಾಡಬಹುದು. ಇದು ಉಸಿರಿಗೆ ಮಾತ್ರ. ಇಲ್ಲಿಗೆ ನಿಲ್ಲಿಸಬೇಕು.

ಚಿಪ್ಪು ಕುಕ್ಕಿ 24 ಗಂಟೆ ಆಗಿಲ್ಲ: ಮುಟ್ಟಬಾರದು. ಮುಚ್ಚಳವನ್ನೂ ತೆರೆಯಬಾರದು.

ಕುಕ್ಕಿ 24 ಗಂಟೆ ಕಳೆದಿದೆ, ತೂತು ದೊಡ್ಡದಾಗಿಲ್ಲ: ತೂತಿನಲ್ಲಿ ಕಾಣುವ ಪೊರೆಯನ್ನು ನೋಡಬೇಕು. ಬೆಳ್ಳಗೆ, ಹಸಿಯಾಗಿದ್ದು ಮರಿ ಆಗಾಗ ಕೂಗುತ್ತಿದ್ದರೆ ಇನ್ನೂ ಕೆಲವು ಗಂಟೆ ಬಿಡಬಹುದು. ಹಳದಿಯಾಗಿ ಅಥವಾ ಕಂದಾಗಿ ಕಾಗದದಂತೆ ಗಟ್ಟಿಯಾಗಿದ್ದರೆ ಮರಿ ಅಂಟಿಕೊಂಡಿದೆ, ನೆರವು ಬೇಕು.

ಸುತ್ತ ಕೊರೆಯುವುದು ಶುರುವಾಗಿ ನಡುವೆ ನಿಂತಿದೆ: ಇಲ್ಲಿ ಹೆಚ್ಚು ಕಾಯುವುದು ಸಲ್ಲ. ಕೊರೆತ ಶುರುವಾಗಿದೆಯೆಂದರೆ ರಕ್ತ, ಭಂಡಾರ ಎರಡೂ ಸಾಮಾನ್ಯವಾಗಿ ಒಳಸೇರಿರುತ್ತವೆ. ಎರಡು ಮೂರು ಗಂಟೆ ಮುಂದುವರಿಯದೆ ಅಂಚು ಒಣಗುತ್ತಿದ್ದರೆ ಕೈ ಹಚ್ಚಬಹುದು.

ಚೂಪು ತುದಿಯಲ್ಲಿ ಕುಕ್ಕಿದೆ: ಮರಿ ತಲೆಕೆಳಗಾಗಿದೆ. ಸರಿಯಾದ ಭಂಗಿಯಲ್ಲಿ ಮರಿಯ ತಲೆ ಅಗಲ ತುದಿಯ ಕಡೆ, ಬಲರೆಕ್ಕೆಯ ಅಡಿಯಲ್ಲಿರುತ್ತದೆ. ತಲೆಕೆಳಗಾದ ಮರಿಗೆ ಗಾಳಿಕೋಶ ಎಟಕುವುದಿಲ್ಲ. ಕೆಲವು ತಾವೇ ಬರುತ್ತವೆ, ಹಲವಕ್ಕೆ ಆಗುವುದಿಲ್ಲ. ಕುಕ್ಕಿದ ತೂತು ಮುಚ್ಚಿಹೋಗದಂತೆ ಮೇಲ್ಮುಖವಾಗಿಟ್ಟು, ಅದೇ 24 ಗಂಟೆಯ ಲೆಕ್ಕದಲ್ಲಿ ಕಾದು ಮುಂದುವರಿಯಬೇಕು.

ಮರಿ ಬಾಯಿ ತೆರೆದು ಮುಚ್ಚಿ ಜಗಿಯುವಂತೆ ಮಾಡುತ್ತಿದ್ದರೆ ಭಂಡಾರ ಇನ್ನೂ ಒಳಸೇರುತ್ತಿದೆ ಎಂಬುದು ಮರಿ ಮಾಡಿಸುವವರ ಅನುಭವ. ಆಗ ಕಾಯುವುದೇ ಲೇಸು.

ಕೈ ಹಚ್ಚುವ ಕ್ರಮ

ಕೈ ಸೋಪಿನಿಂದ ತೊಳೆದಿರಬೇಕು. ಕೋಣೆಯ ಕಿಟಕಿ ಮುಚ್ಚಿ ಫ್ಯಾನು ನಿಲ್ಲಿಸಿರಬೇಕು. ಉಗುರುಬೆಚ್ಚಗಿನ ನೀರು, ಹತ್ತಿ, ಮೊಂಡು ಚಿಮಟ, ಟಾರ್ಚ್ ಇಷ್ಟು ಸಾಕು. ಮೊದಲು ಟಾರ್ಚ್ ಹಿಡಿದು ಗಾಳಿಕೋಶದ ಗೆರೆಯನ್ನು ಪೆನ್ಸಿಲಿನಿಂದ ಗುರುತಿಸಬೇಕು. ಆ ಗೆರೆಯ ಮೇಲಿನ ಚಿಪ್ಪಿನಡಿ ಇರುವುದು ಗಾಳಿ, ಆದ್ದರಿಂದ ಅಲ್ಲಿಂದಲೇ ಶುರು ಮಾಡಬೇಕು. ಕುಕ್ಕಿದ ತೂತಿನಿಂದ ಅಗಲ ತುದಿಯ ಕಡೆಗೆ ಅಕ್ಕಿಕಾಳಿನಷ್ಟು ಚಿಪ್ಪನ್ನು ಒಂದೊಂದಾಗಿ ಎತ್ತಬೇಕು. ಕೆಳಗೆ ಬಿಳಿಯ ಪೊರೆ ಕಾಣುತ್ತದೆ. ಹತ್ತಿಯನ್ನು ಹಿಂಡಿ ಅದರ ತೇವವನ್ನು ಪೊರೆಗೆ ತಾಗಿಸಬೇಕು. ಮೂಗಿಗೆ ಹನಿ ಬೀಳಬಾರದು. ಒದ್ದೆಯಾದ ಪೊರೆ ಪಾರದರ್ಶಕವಾಗುತ್ತದೆ, ನಾಳಗಳಿದ್ದರೆ ಕೆಂಪು ಬೇರುಗಳಂತೆ ಎದ್ದು ಕಾಣುತ್ತವೆ. ಕೊಬ್ಬರಿ ಎಣ್ಣೆ ಒಂದು ಹನಿ ಸವರಿದರೂ ಕಾಣುತ್ತದೆ. ಚಿಪ್ಪಿನ ಮೇಲೆಲ್ಲ ಬಳಿದರೆ ಮಾತ್ರ ರಂಧ್ರ ಮುಚ್ಚಿ ಉಸಿರು ಕಟ್ಟುತ್ತದೆ.

ಕೆಂಪು ನಾಳ ತುಂಬಿಕೊಂಡಿದ್ದರೆ ಕೆಲಸ ಅಲ್ಲಿಗೆ ನಿಲ್ಲಬೇಕು. ಒಂದು ಹನಿ ರಕ್ತ ಬಂದರೂ ಸ್ವಚ್ಛ ಹತ್ತಿಯಿಂದ ಮೆಲ್ಲನೆ ಒತ್ತಿ, ಮೊಟ್ಟೆಯನ್ನು ತೇವ ಹೆಚ್ಚಿರುವ ಪೆಟ್ಟಿಗೆಗೆ ಮರಳಿಸಿ ನಾಲ್ಕರಿಂದ ಆರು ಗಂಟೆ ಬಿಡಬೇಕು. 50 ಗ್ರಾಂ ಮೊಟ್ಟೆಯ ಮರಿಗೆ ಹೋದ ಪ್ರತಿ ಹನಿಯೂ ದೊಡ್ಡ ನಷ್ಟ. ನಾಳಗಳು ಬತ್ತಿ ತೆಳು ಗೆರೆಯಾಗಿದ್ದರೆ ಕೊಕ್ಕಿನ ಬಳಿಯ ಪೊರೆಯನ್ನು ಸರಿಸಿ ಮೂಗು ಬಿಡಿಸಬೇಕು. ಆಮೇಲೆ ಮತ್ತೆ ಪೆಟ್ಟಿಗೆಗೆ. ಹೀಗೆ ಎರಡು ಮೂರು ಸುತ್ತಿನಲ್ಲಿ ಅಗಲ ತುದಿಯ ಮುಚ್ಚಳವಷ್ಟನ್ನೇ ತೆಗೆಯಬೇಕು. ಚಿಪ್ಪಿನ ಕೆಳಗಿನ ಅರ್ಧದಿಂದ ಮರಿಯನ್ನು ಎಳೆಯಕೂಡದು. ಹೊಕ್ಕುಳು ಇರುವುದು ಅಲ್ಲಿ, ಕೊನೆಗೆ ಒಳಸೇರುವ ಭಂಡಾರವೂ ಅಲ್ಲೇ. ಕೊನೆಯ ಒದೆತ ಮರಿಯದೇ ಆಗಬೇಕು.

ಹೊರಬಂದ ಮೇಲೆ

ಹೊಕ್ಕುಳು ಮುಚ್ಚದೆ ಭಂಡಾರ ಸ್ವಲ್ಪ ಹೊರಗಿದ್ದರೆ ಎಳೆಯಬಾರದು, ಕತ್ತರಿಸಬಾರದು. ಒದ್ದೆಯಾದ ಸ್ವಚ್ಛ ಬಟ್ಟೆ ಹಾಸಿದ ಸಣ್ಣ ಬಟ್ಟಲಿನಲ್ಲಿ ಕೂರಿಸಿ ಪೆಟ್ಟಿಗೆಯಲ್ಲೇ ಬಿಟ್ಟರೆ ಹಲವು ಬಾರಿ ಒಳಸೇರುತ್ತದೆ. ಹೊಕ್ಕುಳಿಗೆ ಪೊವಿಡೋನ್ ಅಯೋಡಿನ್ ತಾಗಿಸಬಹುದು. ಬೇರೆ ಮರಿಗಳು ಅದನ್ನು ಕುಕ್ಕದಂತೆ ನೋಡಿಕೊಳ್ಳಬೇಕು. ಕಾಲು ಅಗಲವಾಗಿ ಜಾರುವ ಮರಿಯನ್ನು ನುಣುಪಾದ ಕಾಗದದ ಮೇಲೆ ಬಿಡದೆ ಒರಟು ಬಟ್ಟೆಯ ಮೇಲೆ ಬಿಡಬೇಕು.

ಅವಸರದಲ್ಲಿ ತಿನ್ನಿಸಬೇಕಾಗಿಲ್ಲ. ಒಳಸೇರಿದ ಭಂಡಾರದಿಂದ ಮರಿ 2ರಿಂದ 3 ದಿನ ಬದುಕಬಲ್ಲದು. ದೂರದ ಹ್ಯಾಚರಿಯಿಂದ ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ಕಳಿಸಲು ಸಾಧ್ಯವಾಗಿರುವುದು ಇದರಿಂದಲೇ. ಪುಕ್ಕ ಒಣಗಿದ ಮೇಲೆ ಸುಮಾರು 35 ಡಿಗ್ರಿ ಬಿಸಿಯ ಜಾಗಕ್ಕೆ ಬಿಟ್ಟು, ವಾರಕ್ಕೆ 3 ಡಿಗ್ರಿಯಂತೆ ಇಳಿಸಬೇಕು.

ಮುಟ್ಟಬಾರದ ಮೊಟ್ಟೆಗಳು

ಟಾರ್ಚಿನ ಬೆಳಕಿನಲ್ಲಿ ಅಲುಗಾಟವಿಲ್ಲದ, ವಾಸನೆ ಬರುವ, ಚಿಪ್ಪಿನಿಂದ ಜಿನುಗುವ ಮೊಟ್ಟೆಯನ್ನು ಒಡೆಯದೆ ಹೊರಗೆ ಹೂಳಬೇಕು. ಪೆಟ್ಟಿಗೆಯೊಳಗೆ ಸಿಡಿದರೆ ಉಳಿದವಕ್ಕೂ ಸೋಂಕು.

ತೋಟದಂಚಿನಲ್ಲಿ, ಬೆಟ್ಟದಲ್ಲಿ ಸಿಕ್ಕ ಕಾಡುಕೋಳಿ ಅಥವಾ ನವಿಲಿನ ಮೊಟ್ಟೆಯನ್ನು ತಂದು ಕಾವಿಗಿಡುವ ಆಸೆಯೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವಕ್ಕೆ ರಕ್ಷಣೆಯಿದೆ. ಕಂಡಲ್ಲೇ ಬಿಡಬೇಕು, ಅಪಾಯದಲ್ಲಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ದೊಡ್ಡ ಹ್ಯಾಚರಿಗಳಲ್ಲಿ ಯಾವ ಮೊಟ್ಟೆಗೂ ನೆರವಿಲ್ಲ. ಹೊತ್ತು ಮೀರಿದ್ದನ್ನು ತೆಗೆದುಬಿಡುತ್ತಾರೆ. ಮನೆಯಲ್ಲಿ ಒಂದೊಂದು ಮರಿಯೂ ಲೆಕ್ಕಕ್ಕೆ ಬರುತ್ತದೆ. ಆದರೂ ನೆರವಿನಿಂದ ಬಂದ ಮರಿ ಬೆಳೆದರೆ ಅದರ ಕಾಲಿಗೊಂದು ಗುರುತು ಕಟ್ಟಿ, ಮುಂದೆ ತಳಿಗೆಂದು ಉಳಿಸಿಕೊಳ್ಳದಿರುವುದು ಜಾಣತನ. ಒಂದೇ ಸಲ ನಾಲ್ಕೈದು ಮೊಟ್ಟೆಗಳಿಗೆ ಕೈ ಹಚ್ಚಬೇಕಾಗಿ ಬಂದರೆ ತಪ್ಪು ಮರಿಗಳದ್ದಲ್ಲ. ಬಿಸಿ, ನೀರು, ಹೊರಳಿಸುವಿಕೆ ಇವುಗಳಲ್ಲಿ ಒಂದು ಹಳಿ ತಪ್ಪಿದೆ. ಮುಂದಿನ ಸಲ ಚಿಮಟ ಹುಡುಕುವ ಮೊದಲು ತಕ್ಕಡಿ ಹುಡುಕಿ. ಚಿಪ್ಪಿನ ಮುಂದೆ ಕೂತು ಕೈ ತುರಿಸಿದಾಗ ಎರಡನ್ನು ಮಾತ್ರ ನೋಡಿ: ಗಡಿಯಾರದಲ್ಲಿ 24 ಗಂಟೆ (ಕೊರೆತ ನಡುವೆ ನಿಂತಿದ್ದರೆ ಎರಡು ಮೂರು ಗಂಟೆ) ಕಳೆದಿದೆಯೇ, ಪೊರೆಯಲ್ಲಿ ಕೆಂಪು ಬತ್ತಿದೆಯೇ. ಎರಡಕ್ಕೂ ಹೌದು ಎಂಬ ಉತ್ತರ ಸಿಗುವವರೆಗೆ ಕೈ ಹಿಂದಿರಲಿ.